ಕೋಟಿನೂಟ

ಗಂಗಾಂಬಿಕಾಗೆ ಕೆಲಸ ಕೊಡಿಸಿದ್ದು ಅವಳ ಹೆಸರು.

ತುಮಕೂರಿನಲ್ಲಿ ಕಾನೂನು ಓದಿ, ಸನ್ನದು ಪಡೆದು, ಕರಿ ಕೋಟು ಹೊಲಿಸಿಕೊಂಡ ಮೇಲೆ ಅವಳು ಮಧುಗಿರಿಯ ವಕೀಲ ಪ್ರಸನ್ನಕುಮಾರ್ ಅವರಿಗೆ ಫೋನು ಮಾಡಿದಳು. ಅವರು ಹೆಸರು ಕೇಳಿದರು. ಹೇಳಿದಳು. "ಗಂಗಾಂಬಿಕಾ! ಎಂಥ ಲಕ್ಷಣವಾದ ಹೆಸರಮ್ಮ. ನಾಳೆಯೇ ಬಂದುಬಿಡು" ಎಂದರು. ಎಷ್ಟು ಅಂಕ ಬಂದಿದೆ ಎಂದು ಕೇಳಲಿಲ್ಲ. ಯಾವ ಕಾನೂನು ಇಷ್ಟ ಎಂದು ಕೇಳಲಿಲ್ಲ. ಹೆಸರೇ ಎಲ್ಲ ಪರೀಕ್ಷೆಯನ್ನೂ ಪಾಸು ಮಾಡಿಬಿಟ್ಟಿತ್ತು.

ಆ ಹೆಸರಿಟ್ಟವಳು ಅವಳ ಅವ್ವ ಜಯಕ್ಕ. ಹೆರಿಗೆ ಮಾಡಿಸಿದ ನರ್ಸಮ್ಮನ ಹೆಸರು ಅದು. ನರ್ಸಮ್ಮ ಯಾವ ಜಾತಿಯವಳೆಂದು ಜಯಕ್ಕನಿಗೆ ಗೊತ್ತಿರಲಿಲ್ಲ. ಆ ನೋವಿನಲ್ಲಿ ಅದನ್ನೆಲ್ಲ ಕೇಳುವ ಪುರುಸೊತ್ತು ಯಾರಿಗಿರುತ್ತದೆ?

ಪ್ರಸನ್ನಕುಮಾರ್ ಅವರ ಆಫೀಸು ಅವರ ಮನೆಯ ಕೆಳಗಡೆಯೇ ಇತ್ತು. ಮೇಲೆ ಸಂಸಾರ, ಕೆಳಗೆ ನ್ಯಾಯ. ಕೆಳಗೆ ಅವರಲ್ಲದೆ ಇನ್ನಿಬ್ಬರು ಗಂಡಸರು. ಒಬ್ಬ ಜೂನಿಯರ್ ವಕೀಲ ಚಂದ್ರಶೇಖರ್. ಇನ್ನೊಬ್ಬ ಗುಮಾಸ್ತ ಜಯಣ್ಣ. ಮೊದಲ ದಿನ ಜಯಣ್ಣ ಅವಳಿಗೆ ಗಾಜಿನ ಲೋಟದಲ್ಲಿ ಟೀ ತಂದಿಟ್ಟ. ಎದುರಿಗೆ ಕುಳಿತು ಮಾತಿಗೆಳೆದ.

"ಯಾವೂರಮ್ಮ?"

"ಚನ್ನರಾಯನದುರ್ಗದ ಹತ್ರ ಅಣ್ಣ."

"ಓಹೋ! ನಮ್ಮ ಭಾಮೈದನ ಊರೂ ಆ ಕಡೇಕೇ ಬರ್ತದೆ. ಊರೊಳಗೆ ಯಾರ ಪೈಕಿ?"

"ಊರೊಳಗಲ್ಲ ಅಣ್ಣ. ಕಾಲೊನಿ."

ಜಯಣ್ಣ ಅವಳ ಮುಖ ನೋಡಲಿಲ್ಲ. ಲೋಟ ನೋಡಿದ. ಅದು ಆಗಲೇ ಅರ್ಧ ಖಾಲಿಯಾಗಿತ್ತು. ಏನೂ ಮಾಡುವಂತಿರಲಿಲ್ಲ.

ಮಾರನೇ ದಿನದಿಂದ ಅವಳೊಬ್ಬಳಿಗೆ ಪೇಪರ್ ಕಪ್ಪು. "ಹೈಜೀನ್ ಕಣಮ್ಮ" ಎಂದ ಜಯಣ್ಣ. ಉಳಿದವರ ಆರೋಗ್ಯದ ಬಗ್ಗೆ ಇವನಿಗೆ ಯಾಕಿಷ್ಟು ಅಸಡ್ಡೆ ಎಂದು ಗಂಗಾಂಬಿಕಾಗೆ ಚಿಂತೆಯಾಯಿತು.

ಆ ವಾರವೇ ಕಸ ಗುಡಿಸುವ ಹೆಂಗಸು ರಜಾ ಹಾಕಿದಳು. "ಒಂಚೂರು ನೋಡ್ಕಳಮ್ಮ" ಎಂದು ಚಂದ್ರಶೇಖರ್ ಪೊರಕೆ ತೋರಿಸಿದ. ಗಂಗಾಂಬಿಕಾ ಕೋಟು ಕಳಚಿ ಕುರ್ಚಿಗೆ ಹಾಕಿ ಗುಡಿಸಿದಳು. "ಅಂಗೇ ಬಾತ್‌ರೂಮಿಗೂ ಒಂದು ಬಕೆಟ್ ನೀರು ಹಾಕ್ಬುಡು." ಕುತ್ತಿಗೆಗೆ ಕಟ್ಟಿದ್ದ ಬಿಳಿ ಬ್ಯಾಂಡು ನೀರಿಗೆ ಬೀಳದಂತೆ ಹಲ್ಲಲ್ಲಿ ಕಚ್ಚಿಕೊಂಡು ಅದನ್ನೂ ಉಜ್ಜಿದಳು. ಹಳದಿ ಕಲೆ ಬಿಡಲಿಲ್ಲ. ಮೂರು ಜನರ ಕಲೆ. ಬಗ್ಗಿ ಬಗ್ಗಿ ಸೊಂಟ ಹಿಡಿಯಿತು. ಹೊರಗೆ ಬಂದಾಗ ಚಂದ್ರಶೇಖರ್ ಮೂಗು ಮುಚ್ಚಿಕೊಂಡು, "ಫಿನಾಯಿಲ್ ಜಾಸ್ತಿ ಆಯ್ತು" ಎಂದ. ಐದು ವರ್ಷದ ಕಾನೂನಿನಲ್ಲಿ ಫಿನಾಯಿಲಿನ ಪ್ರಮಾಣ ಹೇಳಿಕೊಟ್ಟಿರಲಿಲ್ಲ. ಕಸದ ಹೆಂಗಸು ವಾಪಸು ಬಂದಳು. ಆದರೆ ಪೊರಕೆ ಗಂಗಾಂಬಿಕಾಳ ಕುರ್ಚಿಯ ಹಿಂದೆಯೇ ಉಳಿಯಿತು.

ಬೆಳಗ್ಗೆ ಫೈಲಿನ ಗಂಟು ಹೊತ್ತು ಕೋರ್ಟಿಗೆ ಹೋಗುವುದು. ಸಾಯಂಕಾಲ ಹೊತ್ತು ತರುವುದು. ಮಧ್ಯೆ ಸೀನಿಯರ್ ಹಿಂದೆ ಗೋಡೆಗೊರಗಿ ನಿಂತಿರುವುದು. ಬಾಯಿ ತೆರೆಯುವಂತಿಲ್ಲ. ಯಾಕೆಂದರೆ ಅವಳು ಇನ್ನೂ ಕೋಟಿನೂಟ ಹಾಕಿರಲಿಲ್ಲ.

ಕೋಟಿನೂಟ ಆ ಆಫೀಸಿನ ಪದ್ಧತಿ. ಪ್ರಸನ್ನಕುಮಾರ್ ಅವರ ತಂದೆಯ ಕಾಲದಿಂದ ಬಂದದ್ದು. ಹೊಸದಾಗಿ ಸೇರಿದ ಜೂನಿಯರು ತನ್ನ ಮನೆಯಲ್ಲಿ ಅಡುಗೆ ಮಾಡಿಸಿ ಆಫೀಸಿಗೆ ತಂದು ಎಲ್ಲರಿಗೂ ಬಡಿಸಬೇಕು. ಸೀನಿಯರ್ ಮೊದಲ ತುತ್ತು ಬಾಯಿಗಿಡಬೇಕು. ಕೈ ತೊಳೆದ ಮೇಲೆ ಒಂದು ಫೈಲು ಎತ್ತಿ ಜೂನಿಯರಿನ ಕೈಗೆ ಕೊಡಬೇಕು. ಅದೇ ಅವರ ಮೊದಲ ಕೇಸು. ಅವತ್ತಿನಿಂದ ಅವರು ಕೋರ್ಟಿನಲ್ಲಿ ನಿಲ್ಲಬಹುದು, ಮಾತಾಡಬಹುದು. ಅಲ್ಲಿಯವರೆಗೆ ಕೋಟು ಹಾಕಿದ ಹಮಾಲಿ. ಆಫೀಸಿನ ಗೋಡೆಯ ತುಂಬ ಅದರದೇ ಫೋಟೊಗಳು. ಸೀನಿಯರಿನ ಎಲೆಗೆ ಬಗ್ಗಿ ಬಡಿಸುತ್ತಿರುವ ತರುಣರು. ಚಂದ್ರಶೇಖರನ ಫೋಟೊದಲ್ಲಿ ಅವನಿಗಿಂತ ಮಟನ್ ಪಾತ್ರೆಯೇ ದೊಡ್ಡದಾಗಿ ಕಾಣುತ್ತಿತ್ತು. ಸಿರಾದಿಂದ ಅವನ ಅಪ್ಪ ಟೆಂಪೊ ಮಾಡಿಕೊಂಡು ಬಂದಿದ್ದರಂತೆ.

ಜಯಕ್ಕ ಈ ಸುದ್ದಿ ಕೇಳಿದ ದಿನದಿಂದಲೇ ತಯಾರಿ ಶುರು ಮಾಡಿದ್ದಳು. ಮೂರು ನಾಟಿ ಹುಂಜಗಳನ್ನು ಯಾರಿಗೂ ಮಾರದೆ ಉಳಿಸಿಕೊಂಡಳು. ಕಾಲೊನಿಯವರಿಗೆಲ್ಲ ಹೇಳಿಕೊಂಡು ಬಂದಳು. "ನನ್ನ ಮಗಳು ಕೋರ್ಟಲ್ಲಿ ನಿಂತ್ಕಳಕ್ಕೆ ನನ್ನ ಕೈ ಸಾರು ಬೇಕಂತೆ" ಎಂದು ನಗುತ್ತಿದ್ದಳು.

ಒಂದು ದಿನ ಗಂಗಾಂಬಿಕಾ ಸೀನಿಯರ್ ಮೇಜಿನ ಮುಂದೆ ನಿಂತಳು.

"ಸರ್, ಕೋಟಿನೂಟ ಯಾವತ್ತು ಇಟ್ಕಳಣ?"

ಪ್ರಸನ್ನಕುಮಾರ್ ಕನ್ನಡಕ ತೆಗೆದರು. ಅವರು ಕೆಟ್ಟವರಲ್ಲ. ಯಾರಿಗೂ ಗಟ್ಟಿ ದನಿಯಲ್ಲಿ ಬೈದವರಲ್ಲ. ಬೆಣ್ಣೆಯಂಥ ದನಿಯಲ್ಲಿ ಹೇಳಿದರು.

"ನಿನಗ್ಯಾಕಮ್ಮ ಅದೆಲ್ಲ? ಹೆಣ್ಣುಮಗಳು. ದೂರದಿಂದ ಹೊತ್ತು ತರಬೇಕು. ಸುಮ್ಮನೆ ತೊಂದರೆ. ನಿನಗೆ ಮಾಫಿ."

"ಊಟ ಹಾಕದೆ ನಿಲ್ಲಂಗಿಲ್ವಲ್ಲ ಸರ್."

"ನಿಲ್ಲೋಕೆ ಏನು ಅವಸರ? ಕಲಿ. ನಿಧಾನ."

ಮಾಫಿ ಎಂದರೆ ತಪ್ಪು ಮಾಡಿದವರಿಗೆ ಕೊಡುವುದು. ತಾನು ಮಾಡಿದ ತಪ್ಪು ಯಾವುದೆಂದು ಗಂಗಾಂಬಿಕಾಗೆ ಗೊತ್ತಿತ್ತು. ಅದನ್ನು ಹುಟ್ಟುವಾಗಲೇ ಮಾಡಿದ್ದಳು.

"ತೊಂದರೆ ಏನಿಲ್ಲ ಸರ್. ನಮ್ಮವ್ವ ಆಸೆ ಇಟ್ಕಂಡವಳೆ. ಸೋಮವಾರ ತರ್ತೀನಿ."

"ಸೋಮವಾರ..." ಪ್ರಸನ್ನಕುಮಾರ್ ಚಂದ್ರಶೇಖರನ ಕಡೆ ನೋಡಿದರು. "ಸೋಮವಾರ ನಾನು ಉಪವಾಸ ಕಣಮ್ಮ. ಶಿವನ ವಾರ."

"ಮಂಗಳವಾರ?"

"ಮಂಗಳವಾರ ನಂದು. ಆಂಜನೇಯನದು" ಎಂದ ಚಂದ್ರಶೇಖರ್. "ನೀರು ಬಿಟ್ಟು ಏನೂ ಮುಟ್ಟಲ್ಲ."

"ಗುರುವಾರ?"

"ಗುರುವಾರ ರಾಯರ ವಾರ ಅಲ್ವೇನಮ್ಮ" ಎಂದು ಬಾಗಿಲ ಹತ್ತಿರದಿಂದ ಜಯಣ್ಣ ಕೂಗಿದ. ಅವನನ್ನು ಯಾರೂ ಕೇಳಿರಲಿಲ್ಲ.

ಶುಕ್ರವಾರ ಅಮ್ಮನವರದು, ಅದನ್ನು ಚಂದ್ರಶೇಖರ್ ವಹಿಸಿಕೊಂಡ. ಶನಿವಾರ ತಿಮ್ಮಪ್ಪನದು, ಅದು ಸೀನಿಯರ್ ಪಾಲಿಗೆ ಹೋಯಿತು. ಭಾನುವಾರ ಆಫೀಸಿಗೇ ರಜಾ. ಬುಧವಾರ ಒಂದು ಉಳಿಯಿತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಬುಧವಾರಕ್ಕೆ ಯಾವ ದೇವರೂ ಒದಗಿ ಬರಲಿಲ್ಲ.

"ಬುಧವಾರ ನಮಗೆಲ್ಲ ಗ್ಯಾಸ್ಟ್ರಿಕ್ ಇರ್ತದೆ" ಎಂದ ಜಯಣ್ಣ.

ಅವತ್ತು ಶುಕ್ರವಾರ. ಮಧ್ಯಾಹ್ನ ಮೂವರೂ ರಂಗಯ್ಯನ ಮಿಲಿಟರಿ ಹೋಟೆಲಿಗೆ ಹೋಗಿ ಬಂದರು. ಅಮ್ಮನವರ ಭಕ್ತ ಚಂದ್ರಶೇಖರ್ ಹಲ್ಲಿನ ಸಂದಿಯಲ್ಲಿ ಕಡ್ಡಿ ಆಡಿಸುತ್ತ ಬಂದ. ಅವನ ಬೆರಳಿನಿಂದ ಬೋಟಿ ಗೊಜ್ಜಿನ ವಾಸನೆ ಬರುತ್ತಿತ್ತು. ಅದೇ ಬೆರಳಿನಿಂದ ಅವಳಿಗೆ ಫೈಲಿನ ಗಂಟು ತೋರಿಸಿದ.

ಸಾಯಂಕಾಲದ ಬಸ್ಸಿನಲ್ಲಿ ಗಂಗಾಂಬಿಕಾ ಊರಿಗೆ ಬಂದಳು. ಜಯಕ್ಕ ಮನೆ ಮುಂದೆ ಹುಣಸೇಹಣ್ಣು ಬಡಿಯುತ್ತಿದ್ದಳು. ಮಂಡಿಯವರು ಮೂಟೆಗಟ್ಟಲೆ ತಂದು ಸುರಿದು ಹೋಗುತ್ತಾರೆ. ಸಿಪ್ಪೆ ಒಡೆಯಬೇಕು, ನಾರು ಎಳೆಯಬೇಕು, ಕಲ್ಲಿನ ಮೇಲಿಟ್ಟು ಕಬ್ಬಿಣದ ಬಡಿಯಿಂದ ಹೊಡೆದು ಬೀಜ ಹಾರಿಸಬೇಕು. ಬೆಳಗಿನಿಂದ ಬೈಗಿನವರೆಗೆ ಕುಕ್ಕರುಗಾಲು. ಹುಳಿ ಹಿಡಿದು ಬೆರಳ ತುದಿಗಳು ಬಿರುಕು ಬಿಟ್ಟಿರುತ್ತವೆ. ಬಿರುಕಿಗೆ ಮತ್ತೆ ಹುಳಿ ತಾಗುತ್ತದೆ. ಜಯಕ್ಕ ಉಣ್ಣುವಾಗ ಸಾರಿಗೆ ಕೈ ಅದ್ದಿದರೆ ಮೊದಲು 'ಸ್' ಎನ್ನುತ್ತಾಳೆ, ಆಮೇಲೆ ರುಚಿ ನೋಡುತ್ತಾಳೆ.

"ಯಾವತ್ತಂತೆ ಊಟ?" ಎಂದು ಕೇಳಿದಳು.

ಮಗಳು ವಾರದ ಒಂದೊಂದೇ ದಿನವನ್ನು ದೇವರ ಸಮೇತ ಹೇಳಿದಳು. ಜಯಕ್ಕ ಬಡಿ ಕೆಳಗಿಟ್ಟಳು. ಮೊದಲು ನಗು ಬಂತು. ಗ್ಯಾಸ್ಟ್ರಿಕ್ಕಿಗೆ ಬರುವ ಹೊತ್ತಿಗೆ ನಗು ನಿಂತಿತು.

"ಅಷ್ಟೂ ದೇವ್ರುನ್ನ ನಮ್ಮ ಹುಂಜದ ಮ್ಯಾಲೆ ಬುಟ್ರಾ?"

"ಹೂನವ್ವ."

"ನೀನೇನಂದೆ?"

"ಏನೂ ಅನ್ನಲಿಲ್ಲ."

"ಯಾಕನ್ನಲಿಲ್ಲ? ಬಾಯಿ ಕಲೀಲಿ ಅಂತ ಓದ್ಸಿದ್ದು ಕಣೇ ನಿನ್ನ. ಗಂಟು ಹೊರಕ್ಕಾದ್ರೆ ನಮ್ಮ ಮಂಡೀಲೇ ಇತ್ತಲ್ಲ ಕೆಲ್ಸ." ಜಯಕ್ಕ ಮತ್ತೆ ಬಡಿ ಎತ್ತಿಕೊಂಡಳು. ಅವತ್ತು ಬೀಜಗಳು ಪಕ್ಕದ ಮನೆಯ ಹಟ್ಟಿಯವರೆಗೂ ಹಾರಿದವು.

ಗಂಗಾಂಬಿಕಾ ಅವ್ವನ ಪಕ್ಕ ಕುಳಿತು ನಾರು ಎಳೆಯತೊಡಗಿದಳು. ಯೋಚಿಸಿದಳು. ಕಾಲೇಜಿನಲ್ಲಿ ಒಂದು ತತ್ವ ಹೇಳಿಕೊಟ್ಟಿದ್ದರು. ಒಬ್ಬ ಒಂದು ಹೇಳಿಕೆ ಕೊಟ್ಟು, ಇನ್ನೊಬ್ಬರು ಅದನ್ನು ನಂಬಿದ ಮೇಲೆ, ಕೊಟ್ಟವನು ಅದರಿಂದ ಹಿಂದಕ್ಕೆ ಸರಿಯುವಂತಿಲ್ಲ. ಪರೀಕ್ಷೆಯಲ್ಲಿ ಅದಕ್ಕೆ ಅವಳಿಗೆ ಪೂರ್ತಿ ಅಂಕ ಬಂದಿತ್ತು. ಈಗ ಪ್ರಯೋಗ ಬಾಕಿ ಇತ್ತು. ಅವರು ಹೇಳಿದ್ದಾರೆ. ತಾನು ನಂಬಿಬಿಟ್ಟರಾಯಿತು.

ಮಾರನೇ ದಿನ ಶನಿವಾರ. ಆಫೀಸಿಗೆ ಬಂದವಳೇ ಮಹಡಿ ಮೆಟ್ಟಿಲಿನ ಬುಡದಲ್ಲಿ ನಿಂತಳು. ಅಲ್ಲಿಂದ ಮೇಲಕ್ಕೆ ಅವಳನ್ನು ಯಾರೂ ಕರೆದಿರಲಿಲ್ಲ. ಕೆಳಗಿನಿಂದಲೇ ಕೂಗಿದಳು.

"ಅಮ್ಮಾ... ಸರ್‌ಗೆ ಇವತ್ತು ಊಟ ಕಳಿಸಬೇಡಿ."

ಪ್ರಸನ್ನಕುಮಾರ್ ಅವರ ಹೆಂಡತಿ ಲಕ್ಷ್ಮೀದೇವಿ ಇಣುಕಿದರು. ದೇವರೆಂದರೆ ಅವರಿಗೆ ಪ್ರಾಣ. ವಾರಕ್ಕೊಂದು ದಿನವಾದರೂ ಮಾಂಸ ಬಿಡಿ ಎಂದು ಗಂಡನಿಗೆ ಹೇಳಿ ಹೇಳಿ ಸೋತವರು.

"ಯಾಕೇ?"

"ಸರ್ ಶನಿವಾರ ಸೋಮವಾರ ಎರಡು ದಿನಾನೂ ಉಪವಾಸ ಹಿಡಿದವ್ರಂತೆ. ಎಲ್ಲರ ಮುಂದೆ ಹೇಳಿದ್ರು. ನಿಮಗೆ ಹೇಳಿಲ್ವಾ ಅಮ್ಮ?"

ಲಕ್ಷ್ಮೀದೇವಿಯವರ ಕಣ್ಣು ತುಂಬಿ ಬಂತು. ಮಧ್ಯಾಹ್ನ ಊಟದ ಬದಲು ತುಳಸಿ ನೀರು ಬಂತು. ಜೊತೆಗೆ ಸ್ವತಃ ಅವರೂ ಬಂದರು. ಗಂಡನ ಕಾಲಿಗೆ ಬಿದ್ದರು. ಎದುರಿಗೆ ಕಕ್ಷಿದಾರರು ಕುಳಿತಿದ್ದರು. ಪ್ರಸನ್ನಕುಮಾರ್ ತುಳಸಿ ನೀರು ಕುಡಿದರು.

ಮಂಗಳವಾರ ಚಂದ್ರಶೇಖರ್ ರಂಗಯ್ಯನ ಹೋಟೆಲಿಗೆ ಹೋಗಿ ಕುಳಿತ. ಎಲೆ ಬರಲಿಲ್ಲ. ಗಲ್ಲಾದಿಂದ ರಂಗಯ್ಯ ಎದ್ದು ಬಂದು ಕೈ ಮುಗಿದ.

"ಶೇಖ್ರಣ್ಣ, ನಿಮ್ಮ ಆಫೀಸಿನ ಲಾಯ್ರಮ್ಮ ಎಲ್ಲಾ ಹೇಳ್ಬುಟ್ಟು ಹೋದ್ರು. ಮಂಗಳವಾರ, ಶುಕ್ರವಾರ ನೀನು ಇತ್ತಾಗೆ ಬಂದ್ರೂ ಬಡಿಸಬ್ಯಾಡ ಅಂತ. ಮನಸು ಚಂಚಲ ಆಗಿ ಬರ್ತೀಯಂತೆ. ಆಂಜನೇಯನ ತಾವ ನಂಗ್ಯಾಕಣ್ಣ ಜಗಳ?"

"ಲೇ, ಅವಳು ಹೇಳಿದ್ಲು ಅಂತ..."

"ವ್ರತ ಇಲ್ವಾ ಹಂಗಾರೆ?"

ಪಕ್ಕದ ಬೆಂಚಿನಲ್ಲಿ ಅವನ ಇಬ್ಬರು ಕಕ್ಷಿದಾರರು ಕುಳಿತಿದ್ದರು. ಬಾಯಲ್ಲಿಟ್ಟ ಮೂಳೆಯನ್ನು ಹಾಗೆಯೇ ಹಿಡಿದು ಉತ್ತರಕ್ಕೆ ಕಾಯುತ್ತಿದ್ದರು.

"ಇದೆ" ಎಂದ ಚಂದ್ರಶೇಖರ್. ಎದ್ದು ಬಂದ.

ಗುರುವಾರ ಜಯಣ್ಣ ಸಿಕ್ಕಿಬಿದ್ದ. ಹಳೇ ಫೈಲುಗಳ ಕೋಣೆಯಲ್ಲಿ, ಬೀರುವಿನ ಹಿಂದೆ, ಗೋಡೆಗೆ ಮುಖ ಮಾಡಿಕೊಂಡು ಬೋಂಡ ತಿನ್ನುತ್ತಿದ್ದ.

"ಅಣ್ಣ, ಇವತ್ತು ರಾಯರದಲ್ವಾ?"

"ಇದು... ಫಲಾಹಾರ ಕಣಮ್ಮ."

"ಈರುಳ್ಳಿ ಬೋಂಡ ಯಾವ ಮರದಲ್ಲಿ ಬಿಡ್ತದಣ್ಣ?"

ಜಯಣ್ಣನಿಗೆ ಬಿಕ್ಕಳಿಕೆ ಹತ್ತಿತು. ಗಂಗಾಂಬಿಕಾ ಅವನಿಗೆ ಪೇಪರ್ ಕಪ್ಪಿನಲ್ಲಿ ನೀರು ತಂದುಕೊಟ್ಟಳು. ಹೈಜೀನ್.

ವಿಷಯ ಅಷ್ಟಕ್ಕೇ ನಿಂತಿದ್ದರೆ ಮೂವರೂ ಹೇಗೋ ತಪ್ಪಿಸಿಕೊಳ್ಳುತ್ತಿದ್ದರು. ಆದರೆ ಗಂಗಾಂಬಿಕಾ ಜಗಲಿಯಲ್ಲಿ ಕಾಯುವ ಕಕ್ಷಿದಾರರಿಗೆಲ್ಲ ಭಕ್ತಿಯಿಂದ ಹೇಳಿದಳು. ಅವರು ತಂತಮ್ಮ ಊರಿನಲ್ಲಿ ಹೇಳಿದರು. ವಾರಪೂರ್ತಿ ಯಾರಾದರೊಬ್ಬರು ಉಪವಾಸವಿದ್ದು ಕೇಸು ನಡೆಸುವ ಆಫೀಸು ಮಧುಗಿರಿಯಲ್ಲಿದೆ ಎಂದು ಬುಕ್ಕಾಪಟ್ಟಣದವರೆಗೂ ಸುದ್ದಿಯಾಯಿತು. ಹೊಸ ಕೇಸುಗಳು ಬಂದವು. ಒಬ್ಬ ಹಾರ ತಂದು ಹಾಕಿದ. ಈಗ ಉಪವಾಸ ಬಿಟ್ಟರೆ ಹೊಟ್ಟೆ ತುಂಬುತ್ತದೆ, ಆಫೀಸು ಖಾಲಿಯಾಗುತ್ತದೆ. ಪ್ರಸನ್ನಕುಮಾರ್ ಸೊಂಟದ ಬೆಲ್ಟಿಗೆ ಹೊಸ ತೂತು ಕೊರೆಸಿದರು.

ಕದರಪ್ಪನ ಕೇಸಿನಲ್ಲಿ ಆ ಹಸಿವು ಹೊರಗೆ ಬಿತ್ತು.

ಕದರಪ್ಪ ಪಾವಗಡದ ಕಡೆಯ ಗಡಿ ಊರಿನ ರೈತ, ಕನ್ನಡಕ್ಕೆ ತೆಲುಗು ಬೆರೆಸಿ ಮಾತಾಡುವವನು. ಅವನ ಹೊಲಕ್ಕೆ ಹೋಗುವ ಬಂಡಿ ದಾರಿಯನ್ನು ಯಾರೋ ಬೇಲಿ ಹಾಕಿ ಮುಚ್ಚಿದ್ದರು. ಮಧುಗಿರಿಯ ಉಪವಿಭಾಗಾಧಿಕಾರಿಗಳ ಎ.ಸಿ. ಕೋರ್ಟಿಗೆ ಅರ್ಜಿ ಹಾಕಿಕೊಂಡು ವರ್ಷಗಳಿಂದ ಅಲೆಯುತ್ತಿದ್ದ. ಪ್ರತಿ ಸಲ ಪ್ರಸನ್ನಕುಮಾರ್ ಇನ್ನೊಂದು ದಿನಾಂಕ ಕೇಳಿ ಹೊರಬರುತ್ತಿದ್ದರು. ಆ ಸೋಮವಾರ ಕೇಸು ಕೂಗಿದಾಗ ಅವರು ಎದ್ದು ನಿಂತರು. ಕಣ್ಣು ಕತ್ತಲಿಟ್ಟಿತು. ಮೇಜು ಹಿಡಿದುಕೊಂಡರು. "ಮುಂದಿನ ದಿನಾಂಕ, ಮಾನ್ಯರೇ" ಎಂದಷ್ಟೇ ಹೇಳಿ ಕುಳಿತುಬಿಟ್ಟರು. ಕೇಸು ಅದೇ ವಾರದ ಬುಧವಾರ ಮಧ್ಯಾಹ್ನಕ್ಕೆ ಹೋಯಿತು.

"ಮಳ್ಳೀ ಡೇಟೇನಾ ಸಾಮಿ? ಮತ್ತೆ ಡೇಟಾ?" ಎಂದ ಕದರಪ್ಪ ಹೊರಗೆ ಬಂದು. "ನೀವು ಉಪಾಸ ಇದ್ರೆ ನನ್ನ ಕೇಸೂ ಉಪಾಸ ಇರ್ಬೇಕಾ? ಇದೇಂ ನ್ಯಾಯಂ ಸಾಮಿ?"

ಆ ಸಾಯಂಕಾಲ ಪ್ರಸನ್ನಕುಮಾರ್ ಗಂಗಾಂಬಿಕಾಳನ್ನು ಒಳಗೆ ಕರೆದರು. ಚಂದ್ರಶೇಖರ್, ಜಯಣ್ಣ ಇಬ್ಬರೂ ಅಲ್ಲೇ ಇದ್ದರು. ಇಬ್ಬರ ಕೆನ್ನೆಗಳೂ ಒಳಗೆ ಹೋಗಿದ್ದವು.

"ಯಾಕಮ್ಮ ಹೀಗೆ ಮಾಡ್ತಿದೀಯ?"

"ಏನು ಸರ್?"

"ಏನು ಅಂತ ನಿನಗೂ ಗೊತ್ತು."

"ನೀವು ಹೇಳಿದ್ದನ್ನೇ ನಾನು ಹೇಳಿದ್ದು. ಒಂದಕ್ಷರ ಸೇರಿಸಿಲ್ಲ. ಸುಳ್ಳು ಅಂತಾದ್ರೆ ಹೇಳಿ ಸರ್, ಈಗಲೇ ಮಹಡಿ ಹತ್ತಿರ ನಿಂತು ಅಮ್ಮನೋರಿಗೆ ಕೂಗಿ ಹೇಳ್ತೀನಿ."

"ಬೇಡ ಬೇಡ" ಎಂದರು ಪ್ರಸನ್ನಕುಮಾರ್. ದನಿ ಮತ್ತೆ ಬೆಣ್ಣೆಯಾಯಿತು. "ನೋಡು, ನಿನ್ನ ಕೋಟಿನೂಟ ಮುಗಿಸಿಬಿಡೋಣ. ಬುಧವಾರವೇ ಆಗಲಿ. ರಂಗಯ್ಯನ ಹೋಟೆಲಿಂದ ತರಿಸ್ತೀನಿ. ಹೆಸರು ನಿನ್ನದೇ. ನೀನೇ ಬಡಿಸು, ಪಾರ್ಸಲ್ ಬಿಚ್ಚಿ. ಒಂದು ಫೋಟೊ ತೆಗೆಸೋಣ. ಗುರುವಾರದಿಂದ ಕೋರ್ಟಲ್ಲಿ ನಿಲ್ಲು."

ಗಂಗಾಂಬಿಕಾ ಅವರನ್ನು ನೋಡಿದಳು. ಇಷ್ಟು ದಿನ ಅವಳಿಗೆ ಇದೆಲ್ಲ ಒಂದು ಆಟವಾಗಿತ್ತು. ಒಳಗೊಳಗೇ ನಕ್ಕಿದ್ದಳು. ಈಗ ನಗು ಬರಲಿಲ್ಲ.

"ಬಡಿಸೋಕೆ ನನ್ನ ಕೈ ಆಗ್ತದೆ. ಬೇಯಿಸೋಕೆ ನಮ್ಮವ್ವನ ಕೈ ಆಗಲ್ವಾ ಸರ್?"

"ಹಾಗಲ್ಲಮ್ಮ. ನನ್ನದೇನಿಲ್ಲ. ನಾನು ಅದನ್ನೆಲ್ಲ ನಂಬೋನಲ್ಲ. ನಾಲ್ಕು ಜನ ಏನಂತಾರೆ ಅಂತ."

"ಯಾರು ಸರ್ ಆ ನಾಲ್ಕು ಜನ? ಹೆಸರು, ವಿಳಾಸ ಕೊಡಿ. ಅವರನ್ನೂ ಕೇಸಲ್ಲಿ ಪಾರ್ಟಿ ಮಾಡಣ."

"ಏಯ್, ಸೀನಿಯರ್ ಹತ್ರ ಮಾತಾಡೋದು ಹಿಂಗಾ?" ಎಂದ ಚಂದ್ರಶೇಖರ್.

"ನೀವು ಸುಮ್ಕಿರಿ ಶೇಖ್ರಣ್ಣ. ನೀವು ಬಿಟ್ಟುಹೋದ ಕಲೇನ ಉಜ್ಜಿದ್ದು ಈ ಕೈ. ಅವತ್ತು ಆಂಜನೇಯ ಅಡ್ಡ ಬರಲಿಲ್ಲ." ಅವಳ ದನಿ ಏರಲಿಲ್ಲ. "ಸರ್, ಮಹಡಿ ಮೇಲೆ ದಿನಾ ಸಾರು ಮಾಡ್ತಾರಲ್ಲ, ಹುಣಸೇಹಣ್ಣು ಮಂಡಿಯಿಂದ ಬರ್ತದೆ. ಮಂಡಿಗೆ ನಮ್ಮ ಕಾಲೊನಿಯಿಂದ ಬರ್ತದೆ. ನಮ್ಮವ್ವ ಕೂತು ಬಡಿದಿದ್ದು. ಬೆರಳಿಂದ ನಾರು ಎಳೆದಿದ್ದು. ಕೈ ಒಡೆದು ರಕ್ತ ಬಂದ ದಿನಾನೂ ಎಳೆದಿದ್ದು. ಇಷ್ಟು ವರ್ಷ ಅದನ್ನ ಉಂಡವ್ರೆ ಎಲ್ಲಾರೂ. ಅದು ಹೊಟ್ಟೇಲಿ ದಕ್ಕಿದೆ. ಅವಳು ಎದುರಿಗೆ ನಿಂತು ಬಡಿಸಿದ್ರೆ ಮಾತ್ರ ದಕ್ಕಲ್ಲ ಅಲ್ವಾ?"

ಜಯಣ್ಣ ಕೈಯಲ್ಲಿದ್ದ ಫೈಲು ಬಿಚ್ಚಿ ಮತ್ತೆ ಕಟ್ಟಿದ.

"ಹೋಟೆಲ್ ಊಟ ಬೇಡ ಸರ್. ಬುಧವಾರ ನಮ್ಮವ್ವನೇ ಬರ್ತಾಳೆ. ತಿನ್ನೋರು ತಿನ್ಲಿ. ಗ್ಯಾಸ್ಟ್ರಿಕ್ ಇದ್ದೋರು ಮಾತ್ರೆ ತಗಳ್ಳಲಿ."

ಕುರ್ಚಿಯ ಹಿಂದಿದ್ದ ಪೊರಕೆಯನ್ನು ತೆಗೆದು ಚಂದ್ರಶೇಖರನ ಮೇಜಿಗೆ ಒರಗಿಸಿ ಹೊರಟಳು.

ಬುಧವಾರ ಬಸ್ಸಿಳಿದ ಜಯಕ್ಕನ ತಲೆಯ ಮೇಲೆ ದೊಡ್ಡ ಪಾತ್ರೆ ಇತ್ತು. ಕಂಕುಳಲ್ಲಿ ಮುದ್ದೆಯ ಕುಕ್ಕೆ. ಬೇಯುವ ಬಿಸಿಲು. ನಿಲ್ದಾಣದಿಂದ ಆಫೀಸಿನವರೆಗೆ ಗಂಗಾಂಬಿಕಾ ಕುಕ್ಕೆ ಹೊತ್ತಳು, ಕೋಟು ಹಾಕಿಕೊಂಡೇ. ಬೆವರು ಕೋಟಿನ ಬೆನ್ನಿನಲ್ಲಿ ಬಿಳಿ ಉಪ್ಪಿನ ಗೆರೆ ಎಳೆಯಿತು. ಪಾತ್ರೆಯನ್ನು ಜಗಲಿಯ ಮೇಲಿಳಿಸಿ ಜಯಕ್ಕ ಮುಚ್ಚಳ ತೆಗೆದಳು. ಹುಂಜದ ಸಾರಿನ ಘಮ ಎದ್ದು ಆಫೀಸಿನ ಒಳಕ್ಕೆ,  ಫೋಟೊಗಳ ಗೋಡೆಗೆ, ಮಹಡಿ ಮೆಟ್ಟಿಲಿಗೆ ಯಾರ ಅಪ್ಪಣೆಯನ್ನೂ ಕೇಳದೆ ಹೋಯಿತು.

ಒಳಗೆ ಟೈಪು ಮಾಡುವ ಸದ್ದು ನಿಂತಿತು. ಯಾರೂ ಹೊರಗೆ ಬರಲಿಲ್ಲ.

ಜಗಲಿಯಲ್ಲಿ ಕಕ್ಷಿದಾರರು ಕುಳಿತಿದ್ದರು. ಬೆಳಗಿನ ಮೊದಲ ಬಸ್ಸಿಗೆ ಬಂದವರು. ಗಂಗಾಂಬಿಕಾ ಮುಚ್ಚುಮರೆಯಿಲ್ಲದೆ ಹೇಳಿದಳು. "ನಾನು ಚನ್ನರಾಯನದುರ್ಗದ ಕಡೆ ಕಾಲೊನಿಯೋಳು. ಇವಳು ನಮ್ಮವ್ವ, ಜಯಕ್ಕ. ಅಡುಗೆ ಅವಳದ್ದೇ. ಇವತ್ತು ನನ್ನ ಕೋಟಿನೂಟ. ಹಸಿವಿದ್ದೋರು ಬನ್ನಿ."

ಇಬ್ಬರು ಎದ್ದರು. ಬಸ್ಸಿಗೆ ಹೊತ್ತಾಯಿತೆಂದು ಹೇಳಿ, ಕೇಸನ್ನೂ ಬಿಟ್ಟು ಹೋದರು. ಉಳಿದವರು ನೆಲ ನೋಡಿದರು. ಜಯಕ್ಕ ಸೌಟು ಹಿಡಿದು ನಿಂತೇ ಇದ್ದಳು. ಸಾರು ಆರದಿರಲೆಂದು ಅವಳು ಮುಚ್ಚಳ ಹಾಕುವುದನ್ನು, ಮತ್ತೆ ತೆಗೆಯುವುದನ್ನು ಗಂಗಾಂಬಿಕಾ ನೋಡಿದಳು. ಆಟ ಆಡಿದ್ದು ತಾನು. ಬಿಸಿಲಲ್ಲಿ ನಿಂತವಳು ಅವ್ವ.

ಕದರಪ್ಪ ಟವೆಲ್ ಕೊಡವಿ ಎದ್ದ.

"ಕೋಟಿನೂಟ ಅಂದ್ರೆ ಏಮಮ್ಮಾ ಅದು?"

"ನಮ್ಮನೆ ಊಟ ಉಂಡೋರು ನನಗೆ ಮೊದಲ್ನೇ ಕೇಸು ಕೊಡ್ಬೇಕು ಮಾಮ. ಆಮೇಲೆ ನಾನು ಕೋರ್ಟಲ್ಲಿ ಮಾತಾಡಬಹುದು."

"ಮಾತಾಡ್ತೀಯಾ? ಡೇಟ್ ತಗಳ್ಳಾದಲ್ಲ, ಮಾತು?"

"ಮಾತು."

"ಹಂಗಾದ್ರೆ ಇಕ್ಕಮ್ಮಾ" ಎಂದು ಕದರಪ್ಪ ಜಯಕ್ಕನ ಮುಂದೆ ಚಕ್ಕಂಬಕ್ಕಳ ಹಾಕಿ ಕುಳಿತ. "ತೊಡೆ ನಂಗೇ ಇಕ್ಕು. ಕೇಸು ನಂದು."

ಅವನು ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದ. "ಬ್ರಹ್ಮಾಂಡಂಗಾ ಉಂದಿ!" ಎಂದು ರುಚಿಗೆ ತಲೆದೂಗಿ ಕೂಗಿದ. ಆಮೇಲೆ ಒಬ್ಬಳು ಮುದುಕಿ ಬಂದಳು. ಆಮೇಲೆ ಇನ್ನಿಬ್ಬರು. ಆಮೇಲೆ ಜಯಕ್ಕನಿಗೆ ಬೆವರು ಒರೆಸಿಕೊಳ್ಳಲೂ ಬಿಡುವಾಗಲಿಲ್ಲ. ಸ್ಕೂಟರಿನ ಮರೆಯಿಂದ ಒಂದು ತಟ್ಟೆ ಮಾತ್ರ ಚಾಚಿಕೊಂಡು ಬಂತು. ತಟ್ಟೆಯ ಹಿಂದೆ ಜಯಣ್ಣ ಇದ್ದ. "ಬುಧವಾರ ಕಣಣ್ಣ, ಗ್ಯಾಸ್ಟ್ರಿಕ್ಕು" ಎಂದಳು ಗಂಗಾಂಬಿಕಾ. "ಹಾಳಾಗೋಗ್ಲಿ ಬುಡಮ್ಮ, ಎರಡು ಪೀಸು ಹಾಕ್ಸು" ಎಂದ ಜಯಣ್ಣ.

ಲಕ್ಷ್ಮೀದೇವಿ ಮೆಟ್ಟಿಲಿಳಿದು ಕೊನೆಯ ಮೆಟ್ಟಿಲಲ್ಲಿ ನಿಂತರು. ಜಯಣ್ಣನ ತಟ್ಟೆ ನೋಡಿದರು. ಪಾತ್ರೆ ನೋಡಿದರು. ಗಂಡನ ದೇವರುಗಳೆಲ್ಲ ಎಲ್ಲಿಂದ ಬಂದಿದ್ದರೆಂದು ಅವರಿಗೆ ತಿಳಿದಂತಿತ್ತು. ಅವರು ಉಣ್ಣಲಿಲ್ಲ. ಅಷ್ಟು ದೂರ ಬರಲು ಅವರಿಂದ ಆಗಲಿಲ್ಲ. ಆದರೆ ಆಫೀಸಿನ ಕಿಟಕಿಯ ಕಡೆ ತಿರುಗಿ, "ತಿಮ್ಮಪ್ಪನ ಹೆಸರಲ್ಲಿ ಸುಳ್ಳಾಡಿದಿರೇನ್ರೀ?" ಎಂದು ಬೀದಿಗೆ ಕೇಳುವಂತೆ ಕೇಳಿದರು.

ಕದರಪ್ಪ ಕೈ ತೊಳೆದು ಒಳಗೆ ಹೋದ. "ಸಾಮಿ, ನನ್ನ ಫೈಲು ಕೊಡಿ. ಲಾಯ್ರಮ್ಮ ನಿಂತ್ಕಂತದೆ. ವಕಾಲತ್ತಿಗೆ ನಿಮ್ಮದೊಂದು ಸೈನು."

ಪ್ರಸನ್ನಕುಮಾರ್ ಕಿಟಕಿಯಿಂದ ಜಗಲಿ ನೋಡಿದರು. ತಮ್ಮ ಕಕ್ಷಿದಾರರೆಲ್ಲ ಬೇರೊಬ್ಬರ ಎಲೆಯ ಮುಂದೆ ಕುಳಿತಿದ್ದರು. ಸೈನು ಹಾಕಿದರು. ಆಮೇಲೆ ಏನನ್ನಿಸಿತೋ, ಎದ್ದು ಹೊರಗೆ ಬಂದರು. ಅಂಗಿಯ ತೋಳು ಮಡಚಿದರು. ಸಾಲಿನ ಕೊನೆಯಲ್ಲಿ ಕುಳಿತೇಬಿಟ್ಟರು.

"ಆಯ್ತಮ್ಮ. ನನಗೂ ಒಂದು ತುತ್ತು ಹಾಕಿ."

ಜಯಕ್ಕ ಪಾತ್ರೆ ಬಗ್ಗಿಸಿ ತೋರಿಸಿದಳು. ತಳದಲ್ಲಿ ಒಂದು ಕರಿಬೇವಿನ ಎಲೆ ಅಂಟಿಕೊಂಡಿತ್ತು.

"ಮುಗಿದೋಯ್ತು ಸ್ವಾಮಿ. ಇಷ್ಟು ತಡ ಮಾಡ್ಬುಟ್ರೆ ಹೆಂಗೆ?" ಅವಳ ಮಾತಿನಲ್ಲಿ ಕೊಂಕಿರಲಿಲ್ಲ, ವಿನಯವೂ ಇರಲಿಲ್ಲ. "ಉಣ್ಣಲೇಬೇಕು ಅಂತಿದ್ರೆ ನಮ್ಮನೇಗೆ ಬನ್ನಿ. ಕಾಲೊನೀಲಿ ಯಾರ್ನ ಕೇಳಿದ್ರೂ ತೋರುಸ್ತಾರೆ. ನಾನಂತೂ ಇನ್ನೊಂದ್ಸಾರಿ ಹೊತ್ಕಂಡು ಬರಲ್ಲ."

ಪ್ರಸನ್ನಕುಮಾರ್ ಖಾಲಿ ಎಲೆಯ ಮುಂದೆ ಕುಳಿತೇ ಇದ್ದರು. ಕೋರ್ಟಿಗೆ ಹೊತ್ತಾಗಿತ್ತು. ಗಂಗಾಂಬಿಕಾ ಒಂದೇ ಫೈಲನ್ನು ಕಂಕುಳಲ್ಲಿಟ್ಟುಕೊಂಡು ಹೊರಟಳು.

ಎ.ಸಿ. ಕೋರ್ಟಿನಲ್ಲಿ ಕದರಪ್ಪನ ಕೇಸು ಕೂಗಿದರು. ಅವಳು ಮುಂದೆ ಬಂದು ನಿಂತಳು. ಪೀಠದ ಮೇಲಿದ್ದ ಅಧಿಕಾರಿ ಹೊಸ ಮುಖವನ್ನು ನೋಡಿ ಪೆನ್ನು ಎತ್ತಿಕೊಂಡರು.

"ಏನಮ್ಮ, ಮುಂದಿನ ದಿನಾಂಕವಾ?"

"ಬೇಡ, ಮಾನ್ಯರೇ. ಅರ್ಜಿದಾರ ಇದ್ದಾನೆ. ಊಟಾನೂ ಆಗಿದೆ. ಇವತ್ತೇ ವಿಚಾರಣೆ ಮಾಡಬಹುದು."

ಕೋರ್ಟಿನಲ್ಲಿ ಒಂದಿಬ್ಬರು ನಕ್ಕರು. ನಗು ನಿಂತು ಸದ್ದಡಗಿದಾಗ ಹಿಂದಿನ ಬೆಂಚಿನಲ್ಲಿ ಯಾರದೋ ಹೊಟ್ಟೆ ಉದ್ದಕ್ಕೆ ಗುರುಗುಟ್ಟಿತು. ಚಂದ್ರಶೇಖರ್ ಫೈಲನ್ನು ಹೊಟ್ಟೆಗೆ ಅವಚಿಕೊಂಡ. ಗಂಗಾಂಬಿಕಾ ತಿರುಗಿ ನೋಡಲಿಲ್ಲ.

"ಕದರಪ್ಪನವರೇ, ಹೆದರಬೇಡಿ. ನಿಮ್ಮ ದಾರಿ ಮುಚ್ಚಿದ್ದು ಯಾರು?"

ಕದರಪ್ಪ ಕಟಕಟೆಯ ಕಂಬಿ ಹಿಡಿದುಕೊಂಡ.

"ಎಲ್ಲಾ ಗೊತ್ತಿರೋರೇ ತಾಯಿ" ಎಂದ. "ದಿನಾ ನನ್ನ ನೋಡಿ ನಗೋರೇ."

"ಒಬ್ಬೊಬ್ಬರದೇ ಹೆಸರು ಹೇಳ್ತಾ ಬನ್ನಿ" ಎಂದಳು ಗಂಗಾಂಬಿಕಾ.